ಅಳತೆ ತೆಗೆದು ಪುಸ್ತಕ ಕೊಡುವವಳು

ತೀರಿಕೊಳ್ಳುವ ಹಿಂದಿನ ದಿನ ನಮ್ಮ ಅಕ್ಕ ಇಬ್ಬರು ಗಿರಾಕಿಗಳನ್ನು ಅಂಗಡಿಯಿಂದ ಓಡಿಸಿದಳು, ಒಬ್ಬಳ ಜೊತೆ ವಾದ ಮಾಡಿ ಸೋತಳು, ಮೂರು ಕಾದಂಬರಿ ಕೊಟ್ಟಳು ಮತ್ತು ಅರ್ಧ ಚೂಡಿದಾರ ಹೊಲಿದಳು. ಅಂದರೆ ಅದು ತೀರ ಸಾಮಾನ್ಯವಾದ ಶನಿವಾರ.

ಮೇ ತಿಂಗಳ ಕೊನೆ. ಶಾಲೆ ಶುರುವಾಗುವ ಹೊತ್ತು. ಸೇಡಂನ ಲೇಡೀಸ್ ಟೇಲರುಗಳೆಲ್ಲ ಊಟ ಮರೆತು ಸಮವಸ್ತ್ರ ಹೊಲಿಯುವ ಕಾಲ. ನಮ್ಮ ಅಂಗಡಿಯಲ್ಲಿ ಮಾತ್ರ ಮಷೀನು ಸುಮ್ಮನಿತ್ತು. ಟೇಲರಮ್ಮ ಕಾಲು ಚಾಚಿ ಕುಳಿತು ಕಾದಂಬರಿ ಓದುತ್ತಿದ್ದಳು. ನಾನು, ಅವಳ ತಂಗಿ, ಗೋಡೆಗೆ ಒರಗಿ ಗುಂಡಿಗೆ ಕಾಜಾ ಹಾಕುತ್ತಿದ್ದೆ.

"ಅಕ್ಕಾ, ಹನ್ನೊಂದು ಡ್ರೆಸ್ ಬಾಕಿ ಅವ."

"ಹನ್ನೊಂದು ಪುಟಾನೂ ಬಾಕಿ ಅವ. ತಡಿ."

ಸೇಡಂನಲ್ಲಿ ನಮ್ಮ ಅಕ್ಕನಷ್ಟು ತಡವಾಗಿ ಬಟ್ಟೆ ಕೊಡುವ ಟೇಲರ್ ಇನ್ನೊಬ್ಬಳಿರಲಿಲ್ಲ. ಇದನ್ನು ದೂರು ಎಂದು ತಿಳಿಯಬೇಡಿ. ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಇಷ್ಟು ತಡ ಮಾಡಿಯೂ ಮೂವತ್ತು ವರ್ಷ ಗಿರಾಕಿಗಳನ್ನು ಉಳಿಸಿಕೊಂಡವಳು ಸಾಮಾನ್ಯಳೇನು? ಬೇರೆ ಅಂಗಡಿಗಳಲ್ಲಿ ಬಟ್ಟೆ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ನಿಜ. ಆದರೆ ಮಡಿಸಿದ ಬಟ್ಟೆಯೊಳಗೆ ಪುಸ್ತಕ ಸಿಗುತ್ತಿರಲಿಲ್ಲ. ಹದಿಮೂರರಿಂದ ಹದಿನೇಳರ ನಡುವಿನ ಯಾವ ಹುಡುಗಿ ಬಂದರೂ ಅಕ್ಕ ಅವಳ ಅಳತೆ ತೆಗೆಯುವಾಗಲೇ ಅವಳಿಗೊಂದು ಪುಸ್ತಕ ಗೊತ್ತು ಮಾಡುತ್ತಿದ್ದಳು. ಡ್ರೆಸ್ಸಿನ ಜೊತೆ ಅದನ್ನೂ ಕೊಡುತ್ತಿದ್ದಳು. ಓದಿ ವಾಪಸು ತರಬೇಕು, ತಂದು ಹೇಗಿತ್ತು ಎಂದು ಹೇಳಬೇಕು, ಆಗ ಮುಂದಿನದು.

ಆ ಶನಿವಾರ ಸಂಜೆ ಕೋಡ್ಲಾದ ಹುಡುಗಿ ಬಂದಳು. ಹದಿನೈದು ವರ್ಷ, ಜೂನಿಗೆ ಹತ್ತನೆಯ ತರಗತಿ. ಅವಳ ಮನೆಯವರು ಮೊದಲು ಸನ್ನತಿ ಕಡೆ ಭೀಮಾ ದಂಡೆಯಲ್ಲಿದ್ದವರು, ಅಜ್ಜ ದೋಣಿ ನಡೆಸುತ್ತಿದ್ದನಂತೆ. ಈಗ ಅಪ್ಪ ಕೋಡ್ಲಾದಲ್ಲಿ ಲಾರಿಗೆ ಸಿಮೆಂಟಿನ ಚೀಲ ಹೇರುತ್ತಾನೆ. ಹುಡುಗಿ ಪುಸ್ತಕವನ್ನು ಮಷೀನಿನ ಮೇಲೆ ಇಟ್ಟಳು.

"ಹೆಂಗಿತ್ತು?" ಅಂದಳು ಅಕ್ಕ.

"ಛಲೋ ಅದ್ರಿ. ಆದ್ರ ಇದ್ರಾಗೂ ನಾ ಇಲ್ಲ."

ಇದು ಅವಳು ಓದಿದ ಏಳನೆಯ ಪುಸ್ತಕ. ಏಳಕ್ಕೂ ಇದೇ ಮಾತು.

"ಎಲ್ಲಾ ಪುಸ್ತಕದಾಗ ನೀನೇ ಯಾಕ್ ಇರ್ಬೇಕು? ಬ್ಯಾರೆಯವರು ಇರಬಾರ್ದೇನು?"

"ಎಲ್ಲಾದ್ರಾಗ ಬ್ಯಾಡ್ರಿ. ಒಂದ್ರಾಗರೆ ಇರಬಾರ್ದಾ? ನಮ್ಮಂಥ ಮನಿ, ನಮ್ಮಂಥ ಊರು, ನನ್ನಷ್ಟು ವಯಸ್ಸಿನಾಕಿ. ಒಂದ್ರಾಗ."

ಅಕ್ಕ ಎದ್ದು ಕಪಾಟಿನ ಪುಸ್ತಕಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ನಿಂದು ಈ ಕಪಾಟಿನಾಗ ಇಲ್ಲ," ಅಂದಳು ಕೊನೆಗೆ. "ನಾಳಿಗಿ ಶಹಾಬಾದಕ್ಕ ಹೋಗಿ ಹುಡುಕ್ತೀನಿ. ಸೋಮವಾರ ಬಾ."

"ಇದು ಕಡೀದು ನೋಡ್ರಿ ಅಕ್ಕೋರೆ. ಇದೂ ಹಂಗೇ ಇದ್ರ ನಾ ಓದೋದೇ ಬಿಡ್ತೀನಿ."

ಹೇಳಿ ಬಸ್ಸಿಗೆ ಓಡಿದಳು. ಹೊಲಿಗೆ ಸರಿಯಿಲ್ಲ ಎಂದು ಬೈದು ಹೋದವರಿದ್ದಾರೆ, ಹೊಲಿಸಿದ ಬಟ್ಟೆ ಬಿಟ್ಟೇ ಹೋದವರಿದ್ದಾರೆ. ಓದುವುದು ಬಿಡುತ್ತೇನೆ ಎಂದು ಅಕ್ಕನ ಮುಖಕ್ಕೆ ಹೇಳಿದವಳು ಅವಳೊಬ್ಬಳೇ. ಅಂಗಡಿ ಮುಚ್ಚುವ ತನಕ ಅಕ್ಕ ಅದೇ ಗುಂಗಿನಲ್ಲಿದ್ದಳು. ಅರ್ಧ ಹೊಲಿದ ಚೂಡಿದಾರಕ್ಕೆ ಎರಡೂ ಎಡತೋಳು ಹಚ್ಚಿದಳು.

ಮರುದಿನ ಬೆಳಿಗ್ಗೆ ರೈಲಿಗೆಂದು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತವಳು ಎದೆ ಹಿಡಿದುಕೊಂಡು ಕುಳಿತಳು. ಕಲಬುರಗಿಗೆ ಕರೆದುಕೊಂಡು ಹೊರಟೆವು. ಮಳಖೇಡ ದಾಟಿರಲಿಲ್ಲ, ಹೋಗಿಬಿಟ್ಟಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಅವಳ ಬಗ್ಗೆ ಬರುತ್ತದೆ. ಪಕ್ಕದಲ್ಲಿ ಕುಳಿತು ಅಷ್ಟು ವರ್ಷ ಗುಂಡಿ ಹಚ್ಚಿದ್ದೇನೆ.

ಅಕ್ಕನಿಗೆ ಈ ಹುಚ್ಚು ಹಿಡಿದದ್ದು ವಾಡಿಯಲ್ಲಿ. ನಮ್ಮಪ್ಪನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸವಿತ್ತು. ಹತ್ತನೆಯ ತರಗತಿ ಮುಗಿಸಿದ ಅಕ್ಕನನ್ನು ಹೊಲಿಗೆ ಕಲಿಯಲು ಒಬ್ಬ ಮಾಸ್ತರರ ಹತ್ತಿರ ಬಿಟ್ಟರು. ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ಅದರ ನಕ್ಷೆ ಕತ್ತರಿಸಿಕೊಳ್ಳುವುದು ಕಲಿಯುವವರ ಪದ್ಧತಿ. ಮಾಸ್ತರರು ಅದಕ್ಕೆ ಹಳೆಯ ವಾರಪತ್ರಿಕೆಗಳನ್ನು ಕೊಡುತ್ತಿದ್ದರು. ಅದರಲ್ಲಿ ಧಾರಾವಾಹಿಗಳಿರುತ್ತಿದ್ದವು. ಅಕ್ಕ ಕತ್ತರಿ ಹಿಡಿದುಕೊಂಡೇ ಓದುವಳು. ಕಥೆಯ ಹುಡುಗಿ ಮಳೆಯಲ್ಲಿ ಓಡಿ ಬಂದು ಬಾಗಿಲು ಬಡಿದಳು, ಬಾಗಿಲು ತೆರೆಯಿತು, ಒಳಗೆ ನಿಂತಿದ್ದವನು... ಅಷ್ಟರಲ್ಲಿ ನಕ್ಷೆಯ ಕಂಕುಳು ಬಂದುಬಿಡುತ್ತಿತ್ತು. ಮುಂದಿನದು ಕತ್ತರಿಗೆ ಸಿಕ್ಕು ಕಸದ ಬುಟ್ಟಿಯಲ್ಲಿ. ಇನ್ನೊಂದು ಕಥೆಯಲ್ಲಿ ತಾಯಿ ಮಗಳಿಗೆ ಒಂದು ಸತ್ಯ ಹೇಳಲು ಹೊರಟಿದ್ದಳು. ಅದು ಕೊರಳಿನ ಸುತ್ತಿಗೆ ಹೋಯಿತು.

"ಹದಿನೈದು ವರ್ಷದಾಕಿಗೆ ಕಥಿ ಕಂಕುಳಾಗ ಮುಗೀಬಾರ್ದು," ಎನ್ನುತ್ತಿದ್ದಳು ಅಕ್ಕ. ಅವಳ ಜೀವನದ ತತ್ವ ಇಷ್ಟೇ.

ಸೇಡಂಗೆ ಬಂದು ಸ್ವಂತ ಅಂಗಡಿ ಇಟ್ಟಾಗ ಮೊದಲು ತಂದದ್ದು ಮಷೀನು, ಎರಡನೆಯದು ಕಪಾಟು. ಮದುವೆ ಆಗಲಿಲ್ಲ. ಕೇಳಲು ಬಂದವರಿದ್ದರು. ಒಬ್ಬ ವರನಿಗೆ ಕೊನೆಯದಾಗಿ ಓದಿದ ಪುಸ್ತಕ ಯಾವುದು ಎಂದು ಕೇಳಿದಳು. ಅವನು ಬಹಳ ಯೋಚಿಸಿ ಪಾಸ್‌ಬುಕ್ ಅಂದ. ಮಾತು ಅಲ್ಲಿಗೇ ನಿಂತಿತು.

ಅವಳು ಪುಸ್ತಕ ಗೊತ್ತು ಮಾಡುವ ರೀತಿ ಹೇಳುತ್ತೇನೆ. ಹುಡುಗಿ ಬಂದು ನಿಲ್ಲಬೇಕು, ಕೈ ಎತ್ತಬೇಕು. ಅಕ್ಕನ ಬಾಯಿಯಲ್ಲಿ ನಾಲ್ಕು ಗುಂಡುಸೂಜಿ, ಕೈಯಲ್ಲಿ ಟೇಪು. ನಿನಗೆ ಎಂಥ ಕಥೆ ಇಷ್ಟ ಎಂದು ಅವಳು ಯಾವತ್ತೂ ಕೇಳಿದವಳಲ್ಲ. ಈ ವಯಸ್ಸಿನವರನ್ನು ಹಾಗೆ ಕೇಳಿದರೆ "ಯಾವುದಾದ್ರೂ ನಡೀತದ್ರಿ" ಎನ್ನುತ್ತಾರೆ. ಅಕ್ಕ ಕೇಳುವುದೇ ಬೇರೆ. "ಮನ್ಯಾಗ ಯಾರ ಜೋಡಿ ಮಾತು ಬಿಟ್ಟಿ?" ಎನ್ನುವಳು ಭುಜ ಅಳೆಯುತ್ತ. "ಯಾರ ಮ್ಯಾಲ ಸಿಟ್ಟದ?" ಎನ್ನುವಳು ಎದೆ ಅಳೆಯುತ್ತ. ಸೊಂಟಕ್ಕೆ ಬರುವಾಗ, "ನಿನಗ ಯಾರೂ ಕೇಳದೇ ಇರೋ ಮಾತು ಯಾವುದು?" ಸೂಜಿ ಬಾಯಲ್ಲಿಟ್ಟುಕೊಂಡು ಕೇಳುವ ಮಾತು ಹೊರಗೆ ಕುಳಿತ ತಾಯಂದಿರಿಗೆ ತಿಳಿಯುತ್ತಿರಲಿಲ್ಲ. ಹುಡುಗಿಯರಿಗೆ ಮಾತ್ರ ಹೇಗೋ ತಿಳಿಯುತ್ತಿತ್ತು.

ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಿದ್ದರು. ಸುಲೇಪೇಟದ ಒಬ್ಬ ಹುಡುಗ ತನ್ನ ಅಕ್ಕನ ಡ್ರೆಸ್ ಒಯ್ಯಲು ಬಸ್ಸಿನಲ್ಲಿ ಬಂದಿದ್ದ. ಹದಿನಾರು ವರ್ಷ, ಮೀಸೆ ಬರುವ ಹಾದಿಯಲ್ಲಿತ್ತು. ಕಪಾಟು ನೋಡುತ್ತ ನಿಂತ. ತನಗೂ ಒಂದು ಪುಸ್ತಕ ಬೇಕು ಅಂದ.

"ಅಳತಿ ಕೊಡು," ಅಂದಳು ನಮ್ಮಕ್ಕ.

"ನಾ ಹುಡುಗ ಇದ್ದೀನ್ರಿ."

"ಕಣ್ಣು ಕಾಣ್ತಾವ ನನಗ. ಕೈ ಮ್ಯಾಲ ಎತ್ತು."

ಅಂಗಡಿಯಲ್ಲಿ ಐವರು ಹೆಂಗಸರು ಕುಳಿತಿದ್ದರು. ಹುಡುಗ ಕೆಂಪಾಗಿ ಕೈ ಎತ್ತಿದ.

"ಯಾರ ಮ್ಯಾಲ ಸಿಟ್ಟದ?"

"ಯಾರ ಮ್ಯಾಲೂ ಇಲ್ರಿ."

ಅಕ್ಕ ಟೇಪಿನ ಕಡೆ ನೋಡಿದಳು. "ಉಸಿರು ಹಿಡದಿ. ಎರಡಿಂಚು ಜಾಸ್ತಿ ತೋರ್ಸ್ಲಿಕತ್ತದ. ಖರೆ ಹೇಳು."

"...ನಮ್ಮಣ್ಣನ ಮ್ಯಾಲ," ಎಂದು ಹುಡುಗ ಉಸಿರು ಬಿಟ್ಟ.

ಅಣ್ಣತಮ್ಮಂದಿರಿಬ್ಬರು ಒಂದೇ ಸೈಕಲ್ಲಿಗೆ ಜಗಳಾಡುವ ಒಂದು ಕಾದಂಬರಿ ಅವನ ಕೈ ಸೇರಿತು. ಮನೆಯಲ್ಲಿ ತಾಯಿಗೆ ಅಳತೆ ಕೊಟ್ಟು ಬಂದೆ ಎಂದು ಹೇಳಿದ್ದಾನೆ. ಒಂದು ತಿಂಗಳಾದ ಮೇಲೆ ಆ ತಾಯಿ ಫೋನು ಮಾಡಿ, "ಅಕ್ಕೋರೆ, ನಮ್ಮ ಹುಡುಗನ ಅಂಗಿ ಇನ್ನಾ ಆಗಿಲ್ಲೇನ್ರಿ?" ಅಂದಳು. ಅಕ್ಕ ಗಂಡಸರ ಅಂಗಿ ಹೊಲಿದವಳೇ ಅಲ್ಲ. ಆದರೂ ಕೂತು ಹೊಲಿದು ಕಳಿಸಿದಳು. ಕಾಲರು ಕುಪ್ಪಸದ ಕೊರಳಿನ ಹಾಗೆ ಬಂದಿತ್ತು. ಹುಡುಗ ಅದನ್ನು ಹಾಕಿಕೊಂಡೇ ಎರಡನೆಯ ಪುಸ್ತಕಕ್ಕೆ ಬಂದ.

ಅಕ್ಕನ ಸಿದ್ಧಾಂತವೇ ಹೊಲಿಗೆಯದು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಒಂದಿಂಚು ಹೆಚ್ಚು ಬಿಟ್ಟು ಹೊಲಿಯುತ್ತಾರೆ, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಲು. "ಪುಸ್ತಕಾನೂ ಹಂಗೇ," ಎನ್ನುವಳು. "ಮಕ್ಕಳ ಪುಸ್ತಕ ಇವರಿಗೆ ಭುಜಕ್ಕ ಹಿಡೀತದ. ದೊಡ್ಡೋರ ಪುಸ್ತಕ ನೆಲಕ್ಕ ಎಳೀತದ. ನಡುವಿನ ಅಳತಿ ಯಾರೂ ಹೊಲಿಯಂಗಿಲ್ಲ. ಹುಡುಕಬೇಕು. ಒಂದಿಂಚು ಸಡಿಲ ಇರೋದು ಕೊಟ್ರ ಓದ್ತಾ ಓದ್ತಾ ತುಂಬ್ಕೋತಾರ."

ಇದನ್ನೆಲ್ಲ ಅಳತೆ ಪುಸ್ತಕದಲ್ಲೇ ಬರೆದಿಡುತ್ತಿದ್ದಳು. ಉದ್ದ, ಭುಜ, ಎದೆ, ಸೊಂಟ, ತೋಳು, ಆಮೇಲೆ ಗೆರೆ ಎಳೆದ, ಹೆಸರಿಲ್ಲದ ಒಂದು ಮನೆ. ಅದರಲ್ಲಿ, "ಗೆಳತಿ ಊರು ಬಿಟ್ಟು ಹೋಗ್ಯಾಳ, ದಪ್ಪಂದು ಕೊಡು." "ಎಲ್ಲರನ್ನೂ ನಗಸ್ತಾಳ, ಅಳೋದು ಕೊಡು." ಹೀಗೆ.

ಈ ಪದ್ಧತಿಗೆ ಬಲಿಯಾದವಳು ಚಿತ್ತಾಪುರದ ಒಬ್ಬಳು. ಅಕ್ಕನಿಗೆ ಜ್ವರ ಬಂದಿದ್ದಾಗ ಬಟ್ಟೆ ಕತ್ತರಿಸುವ ಕೆಲಸ ನನಗೆ ಬಂತು. ಆ ಹುಡುಗಿಯ ಸಾಲಿನ ಕೊನೆಗೆ "ಜಾಣಿ ಅದಾಳ, ಮೂರಿಂಚು ಸಡಿಲ ಕೊಟ್ರೂ ನಡೀತದ" ಎಂದಿತ್ತು. ನಾನು ಹೇಳಿಕೇಳಿ ಪಿಯುಸಿಯಲ್ಲಿ ಫೇಲಾಗಿ ಕುಂತವಳು. ಅಕ್ಕ ಬರೆದದ್ದನ್ನು ಮೀರುವೆನೇ? ಎಲ್ಲ ಕಡೆ ಮೂರಿಂಚು ಬಿಟ್ಟು ಕತ್ತರಿಸಿದೆ. ಹುಡುಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು.

"ಅಕ್ಕೋರೆ, ಇದ್ರಾಗ ನಮ್ಮವ್ವನೂ ಕೂಡ್ತಾಳ್ರಿ."

ಅಕ್ಕ ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಡ್ರೆಸ್ಸನ್ನು ನೋಡಿದಳು. "ಪುಸ್ತಕಾನೂ ಮೂರಿಂಚು ಸಡಿಲ ಅದ, ಡ್ರೆಸ್ಸೂ ಮೂರಿಂಚು ಸಡಿಲ ಅದ. ಎರಡಕ್ಕೂ ಒಮ್ಮೆಲೇ ಬೆಳಿ," ಅಂದಳು. ಹಾಗೆ ಅಂದರೂ ಡ್ರೆಸ್ಸನ್ನು ಬಿಚ್ಚಿ ಮತ್ತೆ ಹೊಲಿದುಕೊಟ್ಟಳು. ಪುಸ್ತಕವನ್ನು ಮಾತ್ರ ಬದಲಿಸಲಿಲ್ಲ.

ಬೇಜಾರಾದರೆ ಪುಸ್ತಕ ಅರ್ಧಕ್ಕೆ ಬಿಡಲು ಅಡ್ಡಿಯಿರಲಿಲ್ಲ. ಆದರೆ "ಬೋರ್" ಎಂದರೆ ನಡೆಯುತ್ತಿರಲಿಲ್ಲ.

"ಬೋರ್ ಅಂದ್ರ ಎಲ್ಲಿ? ಭುಜದಾಗ ಬಿಗಿನೋ, ಸೊಂಟದಾಗ ಸಡಿಲೋ? ಬರೋಬ್ಬರಿ ಹೇಳು. ಡ್ರೆಸ್ ತಂದು ಸುಮ್ನ 'ಛಲೋ ಇಲ್ಲ' ಅಂತೀಯೇನು?"

ಒಬ್ಬಳು ಯೋಚಿಸಿ, "ಕೊರಳಾಗ ಬಿಗಿರಿ. ಪುಟಕ್ಕೊಮ್ಮೆ ಬುದ್ಧಿ ಹೇಳ್ತದ," ಅಂದಳು. ಅಕ್ಕನಿಗೆ ಖುಷಿಯೋ ಖುಷಿ. ಆ ಪುಸ್ತಕವನ್ನು ಹುಡುಗಿಯರ ಸಾಲಿನಿಂದ ತೆಗೆದು, ನಿವೃತ್ತರಾದ ಒಬ್ಬ ಹೆಡ್‌ಮಾಸ್ತರರಿಗೆ ಕೊಟ್ಟಳು. ಅವರು ಒಂದೇ ದಿನದಲ್ಲಿ ಓದಿ ಬಹಳ ಒಳ್ಳೆಯ ಪುಸ್ತಕ ಅಂದರು.

ಎಲ್ಲರೂ ಅಷ್ಟು ಸುಲಭವಾಗಿ ಮೆಚ್ಚುತ್ತಿರಲಿಲ್ಲ. ಮಗಳ ಮೊಬೈಲು ಬಿಡಿಸಿಕೊಡಿ ಎಂದು ಮಂತ್ರವಾದಿಯ ಹತ್ತಿರ ಕರೆತಂದ ಹಾಗೆ ಕರೆತರುವ ತಾಯಂದಿರಿದ್ದರು. ಅಕ್ಕ, "ನಾ ಏನೂ ಬಿಡಸಂಗಿಲ್ರಿ. ಹಿಡಸ್ತೀನಿ ಅಷ್ಟೇ," ಎನ್ನುವಳು. ಬೈಯಲು ಬರುವ ಅಪ್ಪಂದಿರೂ ಇದ್ದರು. ಕಿರಾಣಿ ಅಂಗಡಿಯವರೊಬ್ಬರು, ನಮಗೆ ಬಳಗವೂ ಹೌದು, ಹಣೆಯ ವಿಭೂತಿ ಬೆವರಿಗೆ ಕರಗುವ ಹಾಗೆ ಸಿಟ್ಟಿನಿಂದ ಬಂದರು. ಕೈಯಲ್ಲಿ ಒಂದು ಕಾದಂಬರಿ.

"ಏನ್ ತಂಗಿ, ನಾ ಚೂಡಿದಾರ ಹೊಲೀಲಿಕ್ಕೆ ಕೊಟ್ರ ನೀ ಇಂಥದ್ದು ಕೊಟ್ಟೀದಿ? ಹುಡುಗಿ ಮನಿ ಬಿಟ್ಟು ಓಡಿ ಹೋಗ್ತಾಳಂತ ಇದ್ರಾಗ."

"ಹೌದ್ರಿ ಅಣ್ಣಾ, ಹೋಗ್ತಾಳ. ನೀವು ಓದೀರೇನು?"

"ನಾ ಯಾಕ್ ಓದ್ಲಿ? ಹಿಂದಿನ ರಟ್ಟಿನ ಮ್ಯಾಲೇ ಬರದಾರಲ್ಲ."

"ಓದಿ ಬಂದು ಬೈರಿ. ಇಲ್ಲಂದ್ರ ಯಾವ ಪುಟಕ್ಕ ಬೈಲಿಕತ್ತೀರಿ ಅಂತ ನನಗ ತಿಳಿಯಂಗಿಲ್ಲ. ಕುಂದ್ರಿ, ಚಹಾ ಕುಡೀರಿ."

ಕುಡಿಯಲಿಲ್ಲ. ಪುಸ್ತಕ ಮಾತ್ರ ಒಯ್ದರು. ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೆಯ ದಿನ ಬಂದು, ಹೆಂಗಸರೆಲ್ಲ ಹೋಗುವ ತನಕ ಹೊರಗೆ ನಿಂತಿದ್ದರು.

"ತಂಗಿ, ನಂದಿನ್ನ ನಲ್ವತ್ತು ಪುಟ ಅದ. ಆ ಹುಡುಗಿ ವಾಪಸ್ ಮನಿಗಿ ಬರ್ತಾಳೇನು, ಅಷ್ಟು ಹೇಳು. ಅಂಗಡ್ಯಾಗ ತಕ್ಕಡಿ ಹಿಡಿದ್ರೂ ಅದೇ ಧ್ಯಾನ ಆಗ್ಯದ."

"ಹೇಳಂಗಿಲ್ರಿ," ಅಂದಳು ಅಕ್ಕ.

ಈ ಪುಸ್ತಕಗಳೆಲ್ಲ ಬರುತ್ತಿದ್ದದ್ದು ಶಹಾಬಾದಿನ ಒಂದು ರದ್ದಿ ಅಂಗಡಿಯಿಂದ. ಹೊಸ ಪುಸ್ತಕದ ಅಂಗಡಿಯಲ್ಲಿ ನೆಲದ ಮೇಲೆ ಕುಳಿತು ಓದಲು ಬಿಡುವುದಿಲ್ಲ ಎಂಬುದು ಅವಳ ತಕರಾರು. ಭಾನುವಾರ ರೈಲು ಹಿಡಿದು ವಾಡಿಯ ಮೇಲೆ ಹಾಯ್ದು ಹೋಗುವಳು. ರದ್ದಿಯ ರಾಶಿಯ ಮೇಲೆ ಕುಳಿತು ಒಂದೊಂದರ ಮೊದಲ ಪುಟ, ನಡುವಿನ ಪುಟ ಓದುವಳು. ಕೊನೆಯದನ್ನು ಓದುವುದು ಮೋಸ ಎನ್ನುವಳು. ಹತ್ತು ನೋಡಿದರೆ ಒಂದು ಎತ್ತಿಕೊಳ್ಳುವಳು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಒಂದು ದಪ್ಪ ಪುಸ್ತಕ ತಿರುಗಿಸಿ ನೋಡಿ, "ಇದು ಕಾಣ್ಲಿಕ್ಕೆ ದಪ್ಪದ, ಒಳಗ ಏನೂ ವಜ್ಜಿಲ್ಲ," ಅಂದಳು. ರದ್ದಿಯವರು, "ಅಕ್ಕಾರೆ, ನನ್ನ ತಕ್ಕಡಿಗಿ ಕಥಿ ತಿಳಿಯಂಗಿಲ್ರಿ," ಎಂದು ಕೈ ಮುಗಿದರು.

ಇಂಥವಳು ಹೋದಳು. ದೂರದ ಬಳಗ ಬರಬೇಕಿದ್ದುದರಿಂದ ಸೋಮವಾರ ಮಣ್ಣು ಎಂದು ನಿಶ್ಚಯವಾಯಿತು. ಬೆಳಿಗ್ಗೆ ಎಂಟಕ್ಕೆಲ್ಲ ಹುಡುಗಿಯರು ಬರತೊಡಗಿದರು. ಚಿತ್ತಾಪುರದಿಂದ ಬಂದರು, ಸುಲೇಪೇಟದ ಬಸ್ಸಿನಿಂದ ಇಳಿದರು. ಒಂದು ಕಾಲಕ್ಕೆ ಹುಡುಗಿಯರಾಗಿದ್ದು ಈಗ ಕಂಕುಳಲ್ಲಿ ಕೂಸಿರುವವರೂ ಬಂದರು. ಕಿರಾಣಿ ಅಂಗಡಿಯವರು ಮಗಳ ಜೊತೆ ಬಂದರು. ಎಲ್ಲರ ಕೈಯಲ್ಲೂ ಹೂವಿನ ಜೊತೆಗೆ ಒಂದು ಪುಸ್ತಕ.

ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ. ಅಕ್ಕನ ಪುಸ್ತಕ ಓದಿ ವಾಪಸು ಕೊಡಬೇಕು, ಅದೊಂದೇ ಅವರಿಗೆ ಗೊತ್ತಿದ್ದ ನಿಯಮ. ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ಅಂಗಡಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟು ಹೋಗುತ್ತಿದ್ದರು. ಕೆಲವರು ಅಭ್ಯಾಸಬಲದಿಂದ ಒಂದು ಕ್ಷಣ ನಿಂತು ಹೇಗಿತ್ತು ಎಂದೂ ಹೇಳಿದರು. "ಛಲೋ ಇತ್ತು ಅಕ್ಕೋರೆ, ಕಡೀಗೆ ಸ್ವಲ್ಪ ಎಳದಾರ." ಮೀಸೆ ಪೂರ್ತಿ ಬಂದಿದ್ದ ಸುಲೇಪೇಟದ ಹುಡುಗ ಪುಸ್ತಕ ಇಟ್ಟು ಅಲ್ಲೇ ಕುಳಿತುಬಿಟ್ಟ. ಕಟ್ಟೆ ಸಾಲದೆ ಪುಸ್ತಕಗಳು ಮೆಟ್ಟಿಲಿಗೆ ಇಳಿದವು. ಪಟ್ಟಣದ ದೊಡ್ಡವರು ತೀರಿಕೊಂಡಾಗ ಬಂದ ಕಾರುಗಳನ್ನು ನಾನು ನೋಡಿದ್ದೇನೆ. ಇಂಥದ್ದನ್ನು ನೋಡಿಲ್ಲ.

ಎಲ್ಲರಿಗಿಂತ ಹಿಂದೆ ಕೋಡ್ಲಾದ ಹುಡುಗಿ ನಿಂತಿದ್ದಳು. ಅವಳ ಕೈ ಖಾಲಿ. ಅವಳದನ್ನು ಅವಳು ಶನಿವಾರವೇ ಕೊಟ್ಟಿದ್ದಳಲ್ಲ.

"ನನಗ ಗೊತ್ತಿರಲಿಲ್ರಿ," ಅಂದಳು. "ಅಕ್ಕೋರು ಸೋಮವಾರ ಬಾ ಅಂದಿದ್ರು. ಅದಕ್ಕ ಬಂದೀನಿ."

ಮಣ್ಣು ಕೊಟ್ಟು ಬಂದು ಪುಸ್ತಕಗಳನ್ನು ಒಳಗೆ ಜೋಡಿಸಿದೆವು. ಮೂವತ್ತು ವರ್ಷದಲ್ಲಿ ಮೊದಲ ಸಲ ಕಪಾಟು ತುಂಬಿತು. ಅಕ್ಕ ಇದ್ದಿದ್ದರೆ ಎಲ್ಲರಿಗೂ ಬೈಯುತ್ತಿದ್ದಳು. ತುಂಬಿದ ಕಪಾಟು ಎಂದರೆ ಅವಳಿಗೆ ಹೊಲಿದು ಮಾರಾಟವಾಗದ ಬಟ್ಟೆ ಇದ್ದ ಹಾಗೆ.

ಅಂಗಡಿ ಮತ್ತೆ ತೆರೆದೆ. ಹೊಲಿಗೆ ಹೇಗೋ ನಡೆಯುತ್ತದೆ. ಪುಸ್ತಕ ಕೊಡುವುದು? ಈ ಐವತ್ತರ ಹತ್ತಿರ ನಾನು ಅಳತೆ ಪುಸ್ತಕದ ಕೊನೆಯ ಮನೆಗಳನ್ನು ಓದಿಕೊಂಡು, ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಓದುತ್ತ ಬಂದೆ. ಬದುಕಿದ್ದಾಗ ಅಕ್ಕ ಎಷ್ಟು ಹೇಳಿದರೂ ಓದಿರಲಿಲ್ಲ. ನನ್ನ ಮೊದಲ ಗಿರಾಕಿಗೆ ಬಹಳ ಯೋಚಿಸಿ ಕೊಟ್ಟ ಪುಸ್ತಕ ಮರುದಿನವೇ ವಾಪಸು ಬಂತು. "ಇದು ನಾ ಎಂಟನೇ ಕ್ಲಾಸಿನಾಗ ಇದ್ದಾಗ ಓದೀನ್ರಿ ಚಿಕ್ಕೋರೆ." ಎರಡನೆಯವಳು, "ನೀವು ಸೂಜಿ ಬಾಯಾಗ ಇಟ್ಕೊಂಡು ಮಾತಾಡಬ್ಯಾಡ್ರಿ, ನಮಗ ಅಂಜಿಕಿ ಬರ್ತದ," ಅಂದಳು. ಸೂಜಿ ತೆಗೆದೆ. ಸುಮಾರಾಗಿ ನಡೆಯಿತು. ದಸರಾ ಹೊತ್ತಿಗೆ ಕಪಾಟು ಅರ್ಧ ಖಾಲಿಯಾಯಿತು.

ಕೋಡ್ಲಾದ ಹುಡುಗಿಯ ಸಾಲಿನಲ್ಲಿ ಅಕ್ಕ ಬರೆದದ್ದು ಹೀಗಿತ್ತು: "ಈಕಿಗಿ ಸಡಿಲ ನಡೆಯಂಗಿಲ್ಲ. ಬರೋಬ್ಬರಿ ಅಳತಿದೇ ಬೇಕು." ಇನ್ನಾರಿಗೂ ಹಾಗೆ ಬರೆದಿರಲಿಲ್ಲ.

ಶಹಾಬಾದಿಗೆ ಹೋದೆ. ರದ್ದಿಯವರು ಅಕ್ಕನಿಗೆಂದು ತೆಗೆದಿಟ್ಟ ಪುಸ್ತಕಗಳನ್ನು ಮುಂದಿಟ್ಟರು. ಅಕ್ಕ ಯಾವುದಾದರೂ ಹೆಸರು ಹೇಳಿದ್ದಳೇ ಎಂದು ಕೇಳಿದೆ.

"ಇಲ್ರಿ. ಅಕ್ಕಾರು ಎಂದೂ ಹೆಸರು ಹಿಡಕೊಂಡು ಬರ್ತಿರಲಿಲ್ಲ. ಕುಂತು ತೆಗೀತಿದ್ರು. ಸಿಕ್ಕಾಗ 'ಇದೇ' ಅಂತಿದ್ರು."

ಮೂರು ಭಾನುವಾರ ಕುಳಿತು ತೆಗೆದೆ. ನನಗೆ "ಇದೇ" ಎನ್ನಿಸಲಿಲ್ಲ. ಕಲಬುರಗಿಯ ದೊಡ್ಡ ಅಂಗಡಿಯೊಂದರಲ್ಲಿ, ಸಿಮೆಂಟಿನ ಧೂಳು ಬೀಳುವ ಊರಿನ ಹದಿನೈದು ವರ್ಷದ ಹುಡುಗಿಯ ಕಥೆ ಇದೆಯೇ ಎಂದು ಕೇಳಿದೆ. ಅಂಗಡಿಯ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಹತ್ತನೆಯ ತರಗತಿಯ ಗೈಡು ತಂದುಕೊಟ್ಟಳು. ಶಾಲೆಯ ಮೇಡಂ ಒಬ್ಬರಿಗೆ ಹೇಳಿಕೊಂಡೆ. ಅವರು, "ಅಂಥ ಪುಸ್ತಕ ಇಲ್ಲಂದ್ರ ಆಕಿನೇ ಬರೀಲಿ, ಭಾಳ ಛಲೋ ಆಗ್ತದ," ಅಂದರು. ನನಗೂ ಸರಿ ಎನ್ನಿಸಿತು. ಹುಡುಗಿಗೆ ಹೇಳಿದೆ.

ಅವಳು ನನ್ನನ್ನೇ ನೋಡಿದಳು. "ಚಿಕ್ಕೋರೆ, ಹಸಿವಾಗ್ಯದ ಅಂದ್ರ ನೀನೇ ಅಡಗಿ ಮಾಡು ಅಂತೀರಲ್ರಿ."

ಅಕ್ಕನ ಮುಂದೆ ಈ ಮಾತು ಬಿದ್ದಿದ್ದರೆ ಅವಳು ಆ ದಿನ ಅಂಗಡಿಗೆ ರಜೆ ಕೊಟ್ಟು ನಗುತ್ತಿದ್ದಳು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಕೊನೆಯದು ಎಂದು ಹೇಳಿದವಳು ಅವಳು. ಅಕ್ಕ ಕಷ್ಟಪಟ್ಟು ಓದಿಗೆ ಹಚ್ಚಿದ ಒಬ್ಬಳು ನನ್ನ ಕೈಯಲ್ಲಿ ಓದು ಬಿಟ್ಟರೆ?

ಆಮೇಲೆ ಅವಳು ಎರಡು ತಿಂಗಳು ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದಳು. ವೇಲಿನ ಅಂಚು ಹರಿದಿತ್ತು, ಹೊಲಿಸಲು. ನಾನು ಹೊಲಿದುಕೊಟ್ಟೆ. ಅವಳು ಹೋಗಲಿಲ್ಲ, ಕಪಾಟಿನ ಮುಂದೆ ನಿಂತಳು. ನನ್ನ ಹತ್ತಿರ ಒಂದು ಪುಸ್ತಕವಿತ್ತು. ಒಂದು ಊರಿನ ಬಂದರಿನಲ್ಲಿ ಮೂಟೆ ಹೊರುವವನ ಮಗಳ ಕಥೆ. ಹತ್ತಿರ ಹತ್ತಿರ ಬರುತ್ತದೆ ಎಂದು ಎತ್ತಿಟ್ಟಿದ್ದೆ. ಸುಳ್ಳು ಹೇಳಿ ಕೊಡಲು ಮನಸ್ಸು ಬರಲಿಲ್ಲ.

"ಇದ್ರಾಗ ನೀ ಇಲ್ಲ ಯವ್ವಾ," ಅಂದೆ. "ನಾ ಪೂರಾ ಓದಿ ನೋಡೀನಿ. ಇಲ್ಲ."

"ಗೊತ್ತದ್ರಿ. ಕೊಡ್ರಿ."

"ಓದೋದು ಬಿಡ್ತೀನಿ ಅಂದಿದ್ದಿ."

"ಅಕ್ಕೋರಿಗಿ ಅಂದಿದ್ದೆ. ಜಲ್ದಿ ಹುಡುಕ್ಲಿ ಅಂತ," ಅಂದಳು. ಪುಸ್ತಕದ ರಟ್ಟು ಸವರಿದಳು. "ಅಷ್ಟಕ್ಕೇ ಅವರು ಭಾನುವಾರ ಜಲ್ದಿ ಎದ್ದು ಹೊಂಟಿದ್ರಂತಲ್ರಿ?"

ಅವಳು ಇದನ್ನು ಇಷ್ಟು ದಿನ ಹೊತ್ತುಕೊಂಡಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಷೀನು ಬಿಟ್ಟು ಎದ್ದು ಬಂದೆ. ಅಕ್ಕ ಮೂವತ್ತು ವರ್ಷದಿಂದ ಭಾನುವಾರ ಅದೇ ಹೊತ್ತಿಗೆ ಎದ್ದು ಅದೇ ರೈಲಿಗೆ ಹೋಗುತ್ತಿದ್ದಳು ಎಂದೆ. ವೈದ್ಯರು ಎದೆಯ ನೋವು ಹಳೆಯದು ಎಂದದ್ದನ್ನು ಹೇಳಿದೆ. ಆ ಶನಿವಾರ ರಾತ್ರಿ ಊಟ ಮಾಡುವಾಗ ಅಕ್ಕ ಅವಳ ಬಗ್ಗೆ ಆಡಿದ ಮಾತನ್ನೂ ಹೇಳಿದೆ. "ಏಳು ಪುಸ್ತಕ ಓದಿ ಏಳಕ್ಕೂ ಖರೆ ಹೇಳಿದಾಕಿ ಆಕಿ ಒಬ್ಬಾಕಿನೇ," ಎಂದಿದ್ದಳು. ಹುಡುಗಿ ತಲೆ ತಗ್ಗಿಸಿ ಅತ್ತಳು. ನಾನೂ ಅತ್ತೆ. ಅಕ್ಕ ಹೋದಾಗಿನಿಂದ ಯಾರ ಮುಂದೆಯೂ ಅತ್ತಿರಲಿಲ್ಲ.

ಆ ಪುಸ್ತಕ ಒಯ್ದಳು. ಎಂಟು ದಿನಕ್ಕೆ ತಂದಳು. "ಛಲೋ ಅದ. ನಾ ಇಲ್ಲ. ಮುಂದಿಂದು ಕೊಡ್ರಿ," ಅಂದಳು. ಈಗ ಹದಿನಾಲ್ಕು ಆಗಿವೆ. ಹತ್ತನೆಯ ಪರೀಕ್ಷೆ ಪಾಸಾಗಿ ಪಿಯುಸಿಗೆ ಸೇರಿದ್ದಾಳೆ, ಹೊಸ ಡ್ರೆಸ್ಸಿಗೆ ಮೊನ್ನೆ ಅಳತೆ ಕೊಟ್ಟು ಹೋದಳು. ಭಾನುವಾರಗಳಲ್ಲಿ ನಾನು ಶಹಾಬಾದಿಗೆ ಹೋಗುತ್ತೇನೆ. ಅವಳಿರುವ ಪುಸ್ತಕ ಇನ್ನೂ ಸಿಕ್ಕಿಲ್ಲ.